ಮೈಕಾ ಎದ್ದರೆ ಮೈಕಾವನ್ನೇ ಬೈಯಬೇಡಿ: ಮನೆಯ ಲ್ಯಾಮಿನೇಟ್ ತೊಂದರೆ ಪತ್ತೆ ಹಚ್ಚುವ ಬಗೆ

ಒಂದು ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಸಿಂಕ್ ಕೆಳಗಿನ ಬಾಗಿಲು ಬುಡದಲ್ಲಿ ಉಬ್ಬಿಕೊಂಡಿತು. ಮೈಕಾನೇ ಸರಿ ಇಲ್ಲ ಅಂತ ಮನೆಯಲ್ಲಿ ಎಲ್ಲರೂ ತೀರ್ಮಾನಿಸಿದೆವು. ಕಾರ್ಪೆಂಟರ್ ಬಂದು, "ಏನಾಗಲ್ಲ ಮೇಡಂ, ಗಮ್ ಹಾಕಿ ಒತ್ತಿಬಿಡ್ತೀನಿ" ಅಂದರು. ಒತ್ತಿದರು, 600 ರೂಪಾಯಿ ತೆಗೆದುಕೊಂಡು ಹೋದರು. ಇಪ್ಪತ್ತು ದಿನಕ್ಕೆ ಮತ್ತೆ ಎದ್ದಿತು. ಕೊನೆಗೆ ಒಂದು ರಾತ್ರಿ ಸಿಂಕಿನ ಪೈಪ್ ಕೆಳಗೆ ಹಳೇ ನ್ಯೂಸ್‌ಪೇಪರ್ ಹಾಸಿಟ್ಟೆ. ಬೆಳಿಗ್ಗೆ ನೋಡಿದರೆ ಪೇಪರಿನ ಮೂಲೆಯಲ್ಲಿ ರೂಪಾಯಿ ನಾಣ್ಯದಷ್ಟು ಒದ್ದೆ. ಪೈಪ್ ಸೇರುವ ಕಡೆ ವಾಷರ್ ಸವೆದಿತ್ತು. ಹೊಸ ವಾಷರಿಗೆ ಕೊಟ್ಟಿದ್ದು 20 ರೂಪಾಯಿ.

ಅವತ್ತಿನಿಂದ ನೆಂಟರಿಷ್ಟರ ಮನೆಯಲ್ಲಿ ಮೈಕಾ ಎದ್ದಿದೆ ಅಂದರೆ ನಾನು ಮೊದಲು ಕೆಳಗೆ, ಹಿಂದೆ, ಒಳಗೆ ನೋಡುತ್ತೇನೆ. ಮೇಲಿನ ಹಾಳೆಯ ತಪ್ಪು ಅಂತ ಹೇಳಬಹುದಾದ ಸಂದರ್ಭ ನನಗೆ ಸಿಕ್ಕಿದ್ದು ಕಡಿಮೆ. ನೀರು, ಗಮ್, ಒಳಗಿನ ಪ್ಲೈವುಡ್, ಹಿಂಬದಿಗೆ ಏನೂ ಅಂಟಿಸದೇ ಬಿಟ್ಟಿದ್ದು, ಹೆಚ್ಚಿನ ತೊಂದರೆ ಈ ನಾಲ್ಕರಲ್ಲೇ ಇರುತ್ತದೆ.

ಮೊದಲು, ನಿಮ್ಮ ಮನೆಯಲ್ಲಿರುವುದು ಯಾವುದು?

ಇದನ್ನು ತಿಳಿಯದೇ ಕೈ ಹಾಕಬೇಡಿ. ಒಂದಕ್ಕೆ ಸರಿಹೋಗುವ ಉಪಾಯ ಇನ್ನೊಂದನ್ನು ಹಾಳು ಮಾಡುತ್ತದೆ.

ನಾವು ಮೈಕಾ, ಸನ್‌ಮೈಕಾ ಅಂತ ಕರೆಯುವ ಗಟ್ಟಿ ಹಾಳೆಯಲ್ಲಿ ನಿಜವಾದ ಮೈಕಾ, ಅಂದರೆ ಕಾಗೆ ಬಂಗಾರ, ಒಂದು ಚೂರೂ ಇಲ್ಲ. ಸನ್‌ಮೈಕಾ ಒಂದು ಬ್ರ್ಯಾಂಡಿನ ಹೆಸರು, ನಮ್ಮ ಬಾಯಲ್ಲಿ ಎಲ್ಲ ಹಾಳೆಗೂ ಅದೇ ಹೆಸರಾಯಿತು. ಮೂಲ ಕಥೆ ಅಮೆರಿಕದ್ದು. 1912ರ ಸುಮಾರಿಗೆ ವೆಸ್ಟಿಂಗ್‌ಹೌಸ್ ಕಂಪನಿಯ ಇಬ್ಬರು ಎಂಜಿನಿಯರುಗಳು ವಿದ್ಯುತ್ ಯಂತ್ರಗಳಲ್ಲಿ ಮೈಕಾದ ಬದಲಿಗೆ ಬಳಸಲು ಒಂದು ವಸ್ತು ಹುಡುಕುತ್ತಿದ್ದರು. ಮೈಕಾದ ಬದಲಿಗೆ ಅನ್ನುವ ಅರ್ಥದಲ್ಲೇ ಅದಕ್ಕೆ ಫಾರ್ಮಿಕಾ ಅಂತ ಹೆಸರಿಟ್ಟರು. ಕಂದು ಕ್ರಾಫ್ಟ್ ಕಾಗದಗಳನ್ನು ಫಿನಾಲಿಕ್ ರಾಳದಲ್ಲಿ ಅದ್ದಿ ಒಂದರ ಮೇಲೊಂದು ಇಟ್ಟು, ಮೇಲೆ ಬಣ್ಣದ ಕಾಗದವನ್ನು ಮೆಲಮೈನ್ ರಾಳದಲ್ಲಿ ಅದ್ದಿ ಹಾಕಿ, ಭಾರೀ ಒತ್ತಡ ಮತ್ತು ಬಿಸಿಯಲ್ಲಿ ಒತ್ತಿದರೆ ಈ ಹಾಳೆ ಸಿಗುತ್ತದೆ. ಅಂಚಿನಲ್ಲಿ ಕಾಣುವ ಕಂದು ಗೆರೆ ಆ ಕ್ರಾಫ್ಟ್ ಕಾಗದದ್ದು. ಅದು ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ.

ಗುರುತಿಸುವುದು ಸುಲಭ. ಬಾಗಿಲ ಅಂಚಿನಲ್ಲಿ ತೆಳುವಾದ ಕಂದು ಅಥವಾ ಕಪ್ಪು ಗೆರೆ ಕಂಡು, ಉಗುರಿನಿಂದ ತಟ್ಟಿದರೆ ಟಕ್ ಟಕ್ ಅಂದರೆ ಅದು ಮಾಮೂಲಿ ಮೈಕಾ. ಅಂಚಿನ ಪಟ್ಟಿಯೇ ಇಲ್ಲದೆ, ಮೇಲಿನ ಪದರ ಡಿಸೈನ್ ಕೊರೆದ ಜಾಗಕ್ಕೂ ಅಂಚಿಗೂ ಒಂದೇ ಸಮ ಸುತ್ತಿಕೊಂಡಿದ್ದರೆ ಅದು ಪಿವಿಸಿ ಮೆಂಬ್ರೇನ್, ಅಂದರೆ ತೆಳು ಪ್ಲಾಸ್ಟಿಕ್ ಪದರ. ಕನ್ನಡಿಯ ಹಾಗೆ ಮುಖ ಕಂಡರೆ ಅಕ್ರಿಲಿಕ್ ಇರಬಹುದು. ಕಾರ್ಖಾನೆಯಿಂದಲೇ ಅಂಟಿಸಿ ಬಂದ ಬೋರ್ಡು, ಹಿಂಜ್ ಬಿಚ್ಚಿದಾಗ ಒಳಗೆ ಮರದ ಪುಡಿ ಒತ್ತಿದ ಹಾಗೆ ಕಂಡರೆ ಪ್ರೀ-ಲ್ಯಾಮ್. ಅದರ ಮೇಲಿರುವುದು ಬರೀ ಒಂದು ಕಾಗದದ ಪದರ.

ಬೇಕಾದ ಸಾಮಾನು ಕಡಿಮೆ. ಒಂದು ನಾಣ್ಯ, ಟಾರ್ಚ್, ಹಳೇ ಪೇಪರ್, ಹೊಲಿಗೆ ದಾರ, ಸ್ಕ್ರೂ ಡ್ರೈವರ್. ಒಂದು ಎಚ್ಚರಿಕೆ: ಮುರಿದ ಮೈಕಾದ ಅಂಚು ಬ್ಲೇಡಿನಷ್ಟೇ ಹರಿತ. ಎದ್ದ ಕಡೆ ಬರಿಗೈ ಬೆರಳು ತೂರಿಸಬೇಡಿ.

"ಅಂಚಿನ ಪಟ್ಟಿ ಕಿತ್ತು ಬರ್ತಿದೆ"

ಇದು ಎಲ್ಲಕ್ಕಿಂತ ಸಾಮಾನ್ಯ, ಎಲ್ಲಕ್ಕಿಂತ ಅಗ್ಗ.

ಎಲ್ಲಿ ಕಿತ್ತಿದೆ ಅನ್ನುವುದನ್ನು ನೋಡಿ. ಕೈ ಹಾಕಿ ಎಳೆಯುವ ಜಾಗದಲ್ಲಿ ಮಾತ್ರ ಕಿತ್ತಿದ್ದರೆ ಅದು ಬಳಕೆಯ ಸವೆತ. ಒಲೆಯ ಪಕ್ಕದ ಡ್ರಾಯರಿನಲ್ಲಿ ಮಾತ್ರ ಆದರೆ ಬಿಸಿ ಕಾರಣ. ಮಷೀನಿನಲ್ಲಿ ಅಂಟಿಸುವ ಪಟ್ಟಿಗೆ ಹಾಕುವ ಗಮ್ ಬಿಸಿಗೆ ಕರಗಿ, ತಣ್ಣಗಾದಾಗ ಹಿಡಿಯುವಂಥದ್ದು. ಮತ್ತೆ ಬಿಸಿ ತಾಗಿದರೆ ಮತ್ತೆ ಮೆತ್ತಗಾಗುತ್ತದೆ. ಬುಡದ ಅಂಚಿನಲ್ಲಿ ಮಾತ್ರ ಆದರೆ ನೆಲ ಒರೆಸುವ ನೀರು ಒಳಗೆ ಹೋಗುತ್ತಿದೆ. ಮನೆಯ ಎಲ್ಲ ಬಾಗಿಲಲ್ಲೂ ಒಟ್ಟಿಗೆ ಎದ್ದರೆ ಮಾತ್ರ ಅಂಟಿಸಿದವರ ಕೆಲಸದ ತಪ್ಪು. ಗ್ಯಾರಂಟಿ ಇದ್ದರೆ ಅವರನ್ನೇ ಕರೆಸಿ, ನೀವು ಮುಟ್ಟಬೇಡಿ.

ಸ್ವಲ್ಪವೇ ಎದ್ದಿದ್ದರೆ ಒಳಗಿನ ಧೂಳನ್ನು ಹಳೇ ಟೂತ್‌ಬ್ರಷ್‌ನಲ್ಲಿ ತೆಗೆಯಿರಿ. ಹತ್ತಿ ಬಟ್ಟೆ ಮಡಚಿ ಪಟ್ಟಿಯ ಮೇಲಿಟ್ಟು, ಇಸ್ತ್ರಿಪೆಟ್ಟಿಗೆಯನ್ನು ಹದ ಬಿಸಿಯಲ್ಲಿ ಕೆಲವೇ ಸೆಕೆಂಡ್ ಒತ್ತಿ. ತೆಗೆದ ತಕ್ಷಣ ಮರದ ತುಂಡಿನಿಂದ ಒತ್ತಿ ಹಿಡಿದು ತಣ್ಣಗಾಗಲು ಬಿಡಿ. ಹಳೇ ಗಮ್ ಇನ್ನೂ ಉಳಿದಿದ್ದರೆ ಹಿಡಿದುಕೊಳ್ಳುತ್ತದೆ. ಪಟ್ಟಿ ಪಿವಿಸಿಯದ್ದಾದ್ದರಿಂದ ಬಿಸಿ ಜಾಸ್ತಿಯಾದರೆ ಸುರುಟಿಕೊಳ್ಳುತ್ತದೆ, ಅದಕ್ಕೇ ಕೆಲವೇ ಸೆಕೆಂಡ್ ಅಂದೆ. ಹಿಡಿಯದಿದ್ದರೆ ಹಳೇ ಗಮ್ ಕೆರೆದು ರಬ್ಬರ್ ಗಮ್ ಹಚ್ಚಬೇಕು. ಪಟ್ಟಿಗೂ ಹಚ್ಚಿ, ಬೋರ್ಡಿಗೂ ಹಚ್ಚಿ, ಮುಟ್ಟಿದರೆ ಬೆರಳಿಗೆ ಅಂಟದಷ್ಟು ಒಣಗಲು ಬಿಟ್ಟು ಆಮೇಲೆ ಸೇರಿಸಿ. ಹಸಿ ಇದ್ದಾಗಲೇ ಅಂಟಿಸುವುದು ಎಲ್ಲರೂ ಮಾಡುವ ತಪ್ಪು.

ರಬ್ಬರ್ ಗಮ್‌ನ ಆವಿಗೆ ಬೆಂಕಿ ಬೇಗ ಹತ್ತುತ್ತದೆ. ಗ್ಯಾಸ್ ಒಲೆ ಆರಿಸಿ, ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ದೇವರ ದೀಪ ಉರಿಯುತ್ತಿದ್ದರೆ ಅದು ಆರುವವರೆಗೆ ಕಾಯಿರಿ. ಕಿಟಕಿ ತೆರೆದಿರಲಿ. ಚಿಕ್ಕ ಮಕ್ಕಳನ್ನು ಆ ಕೋಣೆಯಿಂದ ಹೊರಗಿಡಿ.

"ನಡುವೆ ಗುಳ್ಳೆ ಎದ್ದಿದೆ"

ಗುಳ್ಳೆ ಎದ್ದಿದ್ದು ಯಾವಾಗ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಕೆಲಸ ಮುಗಿದ ಕೆಲವೇ ವಾರದಲ್ಲಿ ಎದ್ದಿದ್ದರೆ ಅದು ಗಮ್ ಕೆಲಸ. ಪ್ಲೈ ಮೇಲೆ ಧೂಳಿತ್ತು, ಗಮ್ ಎಲ್ಲ ಕಡೆ ಹರಡಲಿಲ್ಲ, ಅಥವಾ ಸಾಕಷ್ಟು ಹೊತ್ತು ಒತ್ತಿ ಇಡಲಿಲ್ಲ. ಬಿಳಿ ಗಮ್ ಹಚ್ಚಿದ ಬೋರ್ಡನ್ನು ಭಾರದ ಕೆಳಗೆ ಒಂದು ರಾತ್ರಿಯಾದರೂ ಬಿಡಬೇಕು. ಸೈಟಿನಲ್ಲಿ ಅವಸರಕ್ಕೆ ನಾಲ್ಕು ಮೊಳೆ ಹೊಡೆದು ಎರಡು ಗಂಟೆಗೆ ಎತ್ತಿ ನಿಲ್ಲಿಸುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ವರ್ಷಗಳಾದ ಮೇಲೆ ಎದ್ದಿದ್ದರೆ ಜಾಗ ನೋಡಿ. ಒಲೆಯ ಪಕ್ಕ, ಓವನ್ ಮೇಲೆ, ಸಂಜೆ ಬಿಸಿಲು ನೇರ ಬೀಳುವ ಪಡುವಣದ ಗೋಡೆ, ಈ ಮೂರು ಕಡೆ ಆದರೆ ಬಿಸಿ ಕಾರಣ. ಇನ್ನೊಂದು ಜಾಗ ಹಲವರಿಗೆ ಹೊಳೆಯುವುದಿಲ್ಲ: ದೇವರ ಮನೆಯ ಕಪಾಟು. ದೀಪದ ನೇರ ಮೇಲಿನ ಹಲಗೆಯಲ್ಲಿ ಗುಳ್ಳೆ ಅಥವಾ ಕಂದು ಕಲೆ ಕಂಡರೆ ಅದನ್ನು ಅಂದದ ತೊಂದರೆ ಅಂದುಕೊಳ್ಳಬೇಡಿ. ಹಲಗೆ ದಿನಾ ಬೇಯುತ್ತಿದೆ. ದೀಪವನ್ನು ಅವತ್ತೇ ಮುಂದಕ್ಕೆ, ತೆರೆದ ಜಾಗಕ್ಕೆ ತನ್ನಿ. ರಿಪೇರಿ ಆಮೇಲೆ.

ಮಳೆಗಾಲದಲ್ಲಿ ಮಾತ್ರ ಎದ್ದು ಬೇಸಿಗೆಯಲ್ಲಿ ಕೂತುಕೊಂಡರೆ ನೀರು ಅಥವಾ ತೇವ. ಹಾಗಿದ್ದರೆ ಮುಂದಿನ ಭಾಗ ಓದಿ.

ಗುಳ್ಳೆಯ ಅಳತೆ ತಿಳಿಯಲು ನಾಣ್ಯದಿಂದ ತಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ ಟಕ್, ಎದ್ದ ಕಡೆ ಡಬ್ ಅನ್ನುತ್ತದೆ. ಸದ್ದು ಬದಲಾದ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕಿ. ಕಣ್ಣಿಗೆ ಕಂಡ ಗುಳ್ಳೆ ಅಂಗೈಯಷ್ಟು, ಗುರುತು ಹಾಕಿದ ಮೇಲೆ ಅದರ ಮೂರು ಪಟ್ಟು ಆಗುವುದು ಸಾಮಾನ್ಯ. ಒಂದು ವಾರ ಬಿಟ್ಟು ಮತ್ತೆ ತಟ್ಟಿ. ಗುರುತು ದಾಟಿ ಬೆಳೆದಿದ್ದರೆ ಕಾರಣ ಇನ್ನೂ ಜೀವಂತ ಇದೆ ಅಂತ ಅರ್ಥ, ಈಗಲೇ ಅಂಟಿಸಿ ಪ್ರಯೋಜನ ಇಲ್ಲ. ಗುಳ್ಳೆ ದುಂಡಗಿರದೆ ಉದ್ದಕ್ಕೆ ಗೆರೆಯ ಹಾಗೆ ಇದ್ದರೆ ಒಳಗಿನ ಪ್ಲೈ ಪದರದಲ್ಲಿ ಸಂದು ಬಿಟ್ಟಿರಬಹುದು.

ಬೆಳೆಯದ ಸಣ್ಣ ಗುಳ್ಳೆಗೆ ಅದೇ ಇಸ್ತ್ರಿ ಉಪಾಯ: ಮೇಲೆ ಬಟ್ಟೆ, ಹದ ಬಿಸಿ, ಅರ್ಧ ನಿಮಿಷ. ಆಮೇಲೆ ಪುಸ್ತಕಗಳ ಗಂಟೋ ಅಕ್ಕಿ ಮೂಟೆಯೋ ಹೇರಿ ತಣ್ಣಗಾಗಲು ಬಿಡಿ. ಬಾಗಿಲು ಬಿಚ್ಚಿ ನೆಲದ ಮೇಲೆ ಮಲಗಿಸಿದರೆ ಮಾತ್ರ ಇದು ಸಾಧ್ಯ. ಇದು ಗಟ್ಟಿ ಮೈಕಾಕ್ಕೆ ಮಾತ್ರ. ಪಿವಿಸಿ ಮೆಂಬ್ರೇನ್, ಅಕ್ರಿಲಿಕ್ ಬಾಗಿಲ ಮೇಲೆ ಇಸ್ತ್ರಿ ಇಟ್ಟರೆ ಅಲ್ಲಿಗೆ ಮುಗಿಯಿತು. ಗುಳ್ಳೆ ಅಂಚಿಗೆ ಹತ್ತಿರ ಇದ್ದರೆ ಅಂಚಿನಿಂದ ಸಿರಿಂಜಿನಲ್ಲಿ ಬಿಳಿ ಗಮ್ ತೂರಿಸಿ, ಕ್ಲ್ಯಾಂಪ್ ಹಾಕಿ ರಾತ್ರಿಯಿಡೀ ಬಿಡಬಹುದು. ನಡುವೆ ದೊಡ್ಡದಾಗಿ ಎದ್ದಿದ್ದರೆ ನೀವು ನಿಲ್ಲಿಸಿ. ಆ ಹಾಳೆ ಕಿತ್ತು ಹೊಸದು ಅಂಟಿಸಬೇಕು, ಅದು ಕಾರ್ಪೆಂಟರ್ ಕೆಲಸ.

ಒಂದು ಪಕ್ಕದ ಮಾತು. ಗ್ಲಾಸಿ ಬಾಗಿಲಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ಅಲೆ ಅಲೆಯಾಗಿ ಕಂಡರೆ ಅದು ಗುಳ್ಳೆಯಲ್ಲ. ಒಳಗಿನ ಪ್ಲೈಯ ಏರುತಗ್ಗು ಹಾಳೆಯ ಮೂಲಕ ಕಾಣುತ್ತಿದೆ ಅಷ್ಟೇ. ಹಾಳೆ ತೆಳ್ಳಗಿದ್ದಷ್ಟೂ ಜಾಸ್ತಿ ಕಾಣುತ್ತದೆ. ಕಡಿಮೆ ರೇಟಿನ ಪ್ಲೈ ಮೇಲೆ ಹೈ ಗ್ಲಾಸ್ ಹಾಕಿಸುವುದು ಹರಕು ಗೋಡೆಗೆ ಕನ್ನಡಿ ಹಿಡಿದ ಹಾಗೆ. ಅಲ್ಲಿ ಮ್ಯಾಟ್ ಹಾಕಿಸಿದರೆ ಎಲ್ಲ ಮುಚ್ಚಿಹೋಗುತ್ತದೆ.

"ಬುಡದಲ್ಲಿ ಊದಿಕೊಂಡಿದೆ"

ಸಿಂಕ್ ಕೆಳಗೆ, ಬಚ್ಚಲಿನ ಗೋಡೆಗೆ ತಾಗಿದ ವಾರ್ಡ್‌ರೋಬ್, ಬಾತ್‌ರೂಮಿನ ವ್ಯಾನಿಟಿ, ಫಿಲ್ಟರ್ ಇಟ್ಟ ಕಪಾಟು. ಇಲ್ಲೆಲ್ಲ ಊದಿದರೆ ಅದು ನೀರೇ. ಮೈಕಾ ತಾನಾಗಿ ಊದುವುದಿಲ್ಲ, ಊದುವುದು ಒಳಗಿನ ಮರ. ಪ್ರಶ್ನೆ ಒಂದೇ, ನೀರು ಎಲ್ಲಿಂದ?

ಮುಟ್ಟುವ ಮೊದಲು ಒಂದು ಕೆಲಸ. ಕಪಾಟಿನೊಳಗೆ ವಾಟರ್ ಪ್ಯೂರಿಫೈಯರ್, ಚಿಮಣಿ ಅಥವಾ ಗೀಸರಿನ ಪ್ಲಗ್ ಇದ್ದರೆ ಆ ಭಾಗದ ಎಂಸಿಬಿ, ಅಂದರೆ ಕರೆಂಟ್ ಬಂದ್ ಮಾಡುವ ಮೇನ್ ಬೋರ್ಡಿನ ಸ್ವಿಚ್, ಕೆಳಗೆ ಮಾಡಿ. ಒದ್ದೆ ಮರದ ಮೇಲೆ ಸ್ವಿಚ್‌ಬೋರ್ಡ್ ಇದ್ದರೆ ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಅದನ್ನು ಬಳಸಬೇಡಿ.

ಈಗ ಅಗ್ಗದ ಪರೀಕ್ಷೆಗಳು. ಕಪಾಟು ಖಾಲಿ ಮಾಡಿ ಒಳಗೆ ಪೂರ್ತಿ ಪೇಪರ್ ಹಾಸಿ. ರಾತ್ರಿ ನೀರು ಬಳಸದೇ ಬಿಟ್ಟು ಬೆಳಿಗ್ಗೆ ನೋಡಿ. ಒದ್ದೆಯಾಗಿದ್ದರೆ ಸದಾ ನೀರಿರುವ ಪೈಪ್, ಅಂದರೆ ನಲ್ಲಿಗೆ ಹೋಗುವ ಸಣ್ಣ ಪೈಪ್ ಅಥವಾ ಅದರ ನೀರು ಬಂದ್ ಮಾಡುವ ಆಂಗಲ್ ಕಾಕ್ ಸೋರುತ್ತಿದೆ. ಒಣಗಿದ್ದರೆ ಸಿಂಕ್ ಪೂರ್ತಿ ತುಂಬಿಸಿ ಒಮ್ಮೆಲೇ ಬಿಡಿ. ಈಗ ಒದ್ದೆಯಾದರೆ ಹೊರಹೋಗುವ ಪೈಪಿನ ವಾಷರ್. ಎರಡರಲ್ಲೂ ಒಣಗಿದ್ದರೆ ಸಿಂಕಿನ ಸುತ್ತ ಕಲ್ಲಿನ ಮೇಲೆ ಒಂದು ಲೋಟ ನೀರು ಸುರಿದು ಕಾಯಿರಿ. ಸಿಂಕ್ ಮತ್ತು ಗ್ರಾನೈಟ್ ನಡುವಿನ ಸಿಲಿಕೋನ್ ಬಿರುಕು ಬಿಟ್ಟಿದ್ದರೆ ಅಲ್ಲಿಂದ ತೊಟ್ಟಿಕ್ಕುತ್ತದೆ. ನಮ್ಮ ಮನೆಯದ್ದು ಮೊದಲ ಪರೀಕ್ಷೆಯಲ್ಲೇ ಸಿಕ್ಕಿದ್ದು ಅದೃಷ್ಟ. ಅವತ್ತು ರಾತ್ರಿ ಯಾರೋ ಎದ್ದು ಲೋಟ ತೊಳೆದಿದ್ದರು, ಇಲ್ಲದಿದ್ದರೆ ಹೊರಹೋಗುವ ಪೈಪಿನ ಸೋರಿಕೆ ಎರಡನೇ ಪರೀಕ್ಷೆಯವರೆಗೆ ಸಿಗುತ್ತಲೇ ಇರಲಿಲ್ಲ.

ಇದಾವುದೂ ಅಲ್ಲದೆ ಗೋಡೆ ಪಕ್ಕದ ವಾರ್ಡ್‌ರೋಬ್ ಊದಿದ್ದರೆ, ಅಥವಾ ಒಳಗೆ ಬೂಷ್ಟು ವಾಸನೆ ಬರುತ್ತಿದ್ದರೆ, ಗೋಡೆಯನ್ನು ಪರೀಕ್ಷಿಸಿ. ಒಂದು ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಎರಡು ದಿನ ಬಿಡಿ. ಪ್ಲಾಸ್ಟಿಕ್‌ನ ಗೋಡೆ ಕಡೆಯ ಮೈಯಲ್ಲಿ ಹನಿ ಕಂಡರೆ ಗೋಡೆಯೇ ತೇವ ಬಿಡುತ್ತಿದೆ, ಪ್ಲಂಬರ್ ಇಲ್ಲವೇ ಮೇಸ್ತ್ರಿ ಬೇಕು. ಹೊರಮೈಯಲ್ಲಿ ಹನಿ ಇದ್ದರೆ ಕೋಣೆಯ ಗಾಳಿಯಲ್ಲೇ ತೇವ ಜಾಸ್ತಿ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡನೆಯದೇ ಸಾಮಾನ್ಯ. ಅಲ್ಲಿ ಕಪಾಟಿನ ಬೆನ್ನಿಗೂ ಗೋಡೆಗೂ ಒಂದು ಇಂಚಾದರೂ ಸಂದು ಇರಬೇಕು, ಬೆನ್ನಿನ ಹಲಗೆಯನ್ನು ಬರಿ ಮರವಾಗಿ ಬಿಡಬಾರದು.

ನೀರು ನಿಂತ ಮೇಲೆ ಮರ ಒಣಗಲು ವಾರಗಟ್ಟಲೆ ಬಿಡಿ. ಫ್ಯಾನ್ ಗಾಳಿ ಸಾಕು, ಹೇರ್ ಡ್ರೈಯರ್ ಬೇಡ. ಒಣಗಿದ ಮೇಲೆ ಪ್ಲೈವುಡ್ ಸ್ವಲ್ಪ ಮಟ್ಟಿಗೆ ಹಿಂದಕ್ಕೆ ಹೋಗಬಹುದು. ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಮತ್ತು ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಊದಿದರೆ ಮತ್ತೆ ಕೂರುವುದಿಲ್ಲ. ಅದಕ್ಕೆ ಗಮ್ ಹಾಕಿಸುವ ದುಡ್ಡು ದಂಡ. ಚೂಪಾದ ಸ್ಕ್ರೂ ಡ್ರೈವರ್ ತುದಿಯಿಂದ ಊದಿದ ಜಾಗ ಒತ್ತಿ ನೋಡಿ. ಸುಮ್ನೆ ಒಳಗೆ ಇಳಿದರೆ ಮರ ಸತ್ತಿದೆ, ಆ ಹಲಗೆ ಬದಲಾಯಿಸಲೇಬೇಕು.

ನಿಲ್ಲಿಸಿ ಸಹಾಯ ಕೇಳಬೇಕಾದ ಸಂದರ್ಭ ಇಲ್ಲಿದೆ. ತಲೆಯ ಮೇಲಿನ ಕಪಾಟು ಅಥವಾ ಅಟ್ಟದ ಬಾಕ್ಸ್ ಊದಿದ್ದರೆ, ಅದನ್ನು ಗೋಡೆಗೆ ಹಿಡಿದಿಟ್ಟ ಸ್ಕ್ರೂಗಳು ಸಡಿಲವಾಗಿರಬಹುದು. ಒಳಗಿನ ಪಾತ್ರೆ, ಡಬ್ಬಗಳನ್ನು ಆಗಲೇ ಇಳಿಸಿ. ಕೆಳಗೆ ನಿಂತು ಅಡುಗೆ ಮಾಡಬೇಡಿ. ಆಮೇಲೆ ಕಾರ್ಪೆಂಟರಿಗೆ ಫೋನ್ ಮಾಡಿ.

ಹೊಸ ಹಲಗೆ ಹಾಕಿಸುವಾಗ ಕೇಳಬೇಕಾದ ಮಾತು ಮೈಕಾದ್ದಲ್ಲ, ಪ್ಲೈಯದ್ದು. ಅಂಗಡಿಯಲ್ಲಿ "ವಾಟರ್‌ಪ್ರೂಫ್" ಅನ್ನುವ ಮಾತನ್ನು ನಂಬಬೇಡಿ, ಹಲಗೆಯ ಮೇಲಿನ ಐಎಸ್‌ಐ ಮುದ್ರೆ ಮತ್ತು ಸಂಖ್ಯೆ ನೋಡಿ. ಐಎಸ್ 303 ಅನ್ನುವ ಮಾನಕದಲ್ಲಿ ಎಂಆರ್ (ತೇವ ತಡೆಯುವಂಥದ್ದು) ಮತ್ತು ಬಿಡಬ್ಲ್ಯುಆರ್ (ಕುದಿಯುವ ನೀರು ತಡೆಯುವಂಥದ್ದು) ಅಂತ ಎರಡು ದರ್ಜೆ. ಎಂಆರ್ ಹಾಲ್, ಬೆಡ್‌ರೂಮಿಗೆ ಮಾತ್ರ. ನೀರಿನ ಜಾಗಕ್ಕೆ ಐಎಸ್ 710, ಅಂದರೆ ಮರೀನ್ ಪ್ಲೈ. ಅದನ್ನು 72 ಗಂಟೆ ಕುದಿಯುವ ನೀರಲ್ಲಿ ಇಟ್ಟು ಪರೀಕ್ಷಿಸುತ್ತಾರೆ. ಸಂಶಯ ಬಂದರೆ ಒಂದು ತುಂಡನ್ನು ಹಳೇ ಪಾತ್ರೆಯಲ್ಲಿ ನಾಲ್ಕು ಗಂಟೆ ಕುದಿಸಿ. ಪದರ ಬಿಟ್ಟುಕೊಂಡರೆ ಅಂಗಡಿಗೆ ವಾಪಸ್. ಆ ಪಾತ್ರೆಯಲ್ಲಿ ಮತ್ತೆ ಅಡುಗೆ ಬೇಡ.

"ಬಾಗಿಲು ಸೊಟ್ಟಗಾಗಿ ಮುಚ್ಚುತ್ತಿಲ್ಲ"

ಬಾಗಿಲು ನಿಜಕ್ಕೂ ಸೊಟ್ಟಗಾಗಿದೆಯಾ, ಅಥವಾ ಹಿಂಜ್ ಸಡಿಲವಾಗಿದೆಯಾ? ಹತ್ತರಲ್ಲಿ ಅರ್ಧಕ್ಕೂ ಜಾಸ್ತಿ ಸಲ ಹಿಂಜೇ ಅಂತ ನನ್ನ ಅನುಭವ.

ಒಳಗಿನ ಹಿಂಜ್ ನೋಡಿ. ಮುಂದಿನ ಸ್ಕ್ರೂ ತಿರುಗಿಸಿದರೆ ಬಾಗಿಲು ಎಡಕ್ಕೆ ಬಲಕ್ಕೆ ಸರಿಯುತ್ತದೆ. ಹಿಂದಿನ ಸ್ಕ್ರೂ ಸಡಿಲಿಸಿದರೆ ಒಳಕ್ಕೆ ಹೊರಕ್ಕೆ. ಪ್ಲೇಟಿನ ಸ್ಕ್ರೂಗಳು ಮೇಲೆ ಕೆಳಗೆ. ಒಂದೊಂದೇ ಕಾಲು ಸುತ್ತು ತಿರುಗಿಸಿ ಮುಚ್ಚಿ ನೋಡಿ. ಸ್ಕ್ರೂ ಎಷ್ಟು ತಿರುಗಿಸಿದರೂ ಸುತ್ತುತ್ತಲೇ ಇದ್ದರೆ ಮರದಲ್ಲಿ ಹಿಡಿತ ಹೋಗಿದೆ. ಬೆಂಕಿಕಡ್ಡಿಗಳ ಮದ್ದು ಇರುವ ತಲೆಗಳನ್ನು ಮೊದಲೇ ಮುರಿದು ಎಸೆದು, ಉಳಿದ ಕಡ್ಡಿಗಳಿಗೆ ಬಿಳಿ ಗಮ್ ಹಚ್ಚಿ ತೂತಿಗೆ ಬಿಗಿಯಾಗಿ ತುರುಕಿ, ಒಣಗಿಸಿ, ಮತ್ತೆ ಸ್ಕ್ರೂ ಬಿಗಿಸಿ.

ಹಿಂಜ್ ಸರಿ ಇದ್ದರೆ ಬಾಗಿಲಿನ ಮೇಲೆ ಮೂಲೆಯಿಂದ ಮೂಲೆಗೆ ದಾರ ಬಿಗಿಯಾಗಿ ಹಿಡಿಯಿರಿ. ಎರಡೂ ಕಡೆಯಿಂದ, ಎರಡೂ ಮುಖದ ಮೇಲೆ. ದಾರಕ್ಕೂ ಬಾಗಿಲಿಗೂ ನಡುವೆ ಸಂದು ಕಂಡರೆ ಬಾಗಿಲು ಬಾಗಿದೆ.

ಬಾಗಿದ್ದರೆ ಒಳಮುಖ ನೋಡಿ. ಹೊರಗೆ 1 ಎಂಎಂ ಮೈಕಾ, ಒಳಗೆ ಬರೀ ಬಣ್ಣ ಅಥವಾ ಬರೀ ಮರ. ಸಿಕ್ಕಿಬಿತ್ತು ಕಳ್ಳ! ಮೈಕಾವೂ ಕಾಗದವೇ ಅಲ್ವಾ, ಹವಾಮಾನಕ್ಕೆ ತಕ್ಕ ಹಾಗೆ ಹಿಗ್ಗಿ ಕುಗ್ಗುತ್ತದೆ. ಅಗಲದಲ್ಲಿ ಹಿಗ್ಗುವುದು ಉದ್ದಕ್ಕಿಂತ ಸುಮಾರು ಎರಡು ಪಟ್ಟು. ಒಂದು ಮುಖ ಮುಚ್ಚಿ, ಇನ್ನೊಂದು ಮುಖ ತೆರೆದಿದ್ದರೆ ಎರಡೂ ಬೇರೆ ಬೇರೆ ಲೆಕ್ಕದಲ್ಲಿ ಎಳೆಯುತ್ತವೆ. ಬಾಗಿಲು ಹಪ್ಪಳದ ಹಾಗೆ ಬಾಗುತ್ತದೆ. ಒಳಗೆ ಲೈನರ್ ಅಂತ ತೆಳುವಾದ, ಬೆಲೆ ಕಡಿಮೆಯ ಹಾಳೆ ಸಿಗುತ್ತದೆ. ಎಸ್ಟಿಮೇಟ್ ಕಡಿಮೆ ಮಾಡಲು ಮೊದಲು ಕೈಬಿಡುವುದು ಅದನ್ನೇ. ಅದು ಅಂದಕ್ಕೆ ಅಂತ ತಿಳಿದವರು ಬಹಳ, ನಿಜವಾಗಿ ಅದು ತಕ್ಕಡಿಯ ಇನ್ನೊಂದು ತಟ್ಟೆ.

ಸ್ವಲ್ಪ ಬಾಗಿದ್ದರೆ ಈಗಲಾದರೂ ಒಳಗೆ ಲೈನರ್ ಹಾಕಿಸಿದರೆ ಇನ್ನಷ್ಟು ಬಾಗುವುದು ತಪ್ಪಬಹುದು, ಬಾಗಿದ್ದು ಪೂರ್ತಿ ನೆಟ್ಟಗಾಗುತ್ತದೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಏಳು ಅಡಿ ದಾಟಿದ ಉದ್ದ ಬಾಗಿಲುಗಳಿಗೆ ಹಿಂಬದಿಯಲ್ಲಿ ಕೂರಿಸುವ ಅಲ್ಯೂಮಿನಿಯಂ ಸ್ಟ್ರೇಟ್‌ನರ್ ಸಿಗುತ್ತದೆ. ಅದನ್ನು ಮೊದಲೇ ಹಾಕಿಸುವುದು ಜಾಣತನ. ಹೊಸದಾಗಿ ಅಂಟಿಸುವಾಗ ಪ್ಲೈ ಮತ್ತು ಮೈಕಾ ಎರಡನ್ನೂ ಒಂದೇ ಕೋಣೆಯಲ್ಲಿ ಎರಡು ಮೂರು ದಿನ ಇಟ್ಟು ಆಮೇಲೆ ಅಂಟಿಸಲು ಹೇಳಿ. ಮಳೆಯಲ್ಲಿ ಆಟೋದಲ್ಲಿ ಬಂದ ಹಾಳೆಯನ್ನು ಅವತ್ತೇ ಅಂಟಿಸಿದರೆ ಫೆಬ್ರವರಿಯ ಒಣ ಹವೆಗೆ ಅದು ಕುಗ್ಗಿ ಎಳೆಯುತ್ತದೆ.

"ಕೆಳಗೆ ಪುಡಿ ಬೀಳ್ತಿದೆ"

ಪುಡಿ ಒರೆಸಿ, ಆ ಜಾಗದಲ್ಲಿ ಕಪ್ಪು ಕಾಗದ ಹಾಸಿ ಒಂದು ವಾರ ಬಿಡಿ. ಹೊಸ ಪುಡಿ ಬಿದ್ದು, ಮೇಲೆ ಗುಂಡುಪಿನ್ ತೂತಿನಂಥ ದುಂಡು ರಂಧ್ರ ಕಂಡರೆ ಕುಟ್ಟೆ ಹುಳ ಒಳಗಿದೆ. ಹುಳ ಒಳಗಿನ ಮರ ತಿಂದು ಹೊರಬರುವಾಗ ಮೈಕಾವನ್ನೂ ಕೊರೆದು ಬರುತ್ತದೆ. ಪುಡಿಯ ಬದಲು ಮಣ್ಣಿನ ಗೆರೆ, ಮಣ್ಣಿನ ಹೆಕ್ಕೆ ಕಂಡು, ತಟ್ಟಿದರೆ ಪೊಳ್ಳು ಸದ್ದು ಬಂದರೆ ಗೆದ್ದಲು.

ಎರಡರಲ್ಲೂ ಮನೆಮದ್ದು ಬೇಡ. ಸೀಮೆಎಣ್ಣೆ ಸುರಿಯುವ ಅಭ್ಯಾಸ ಹಳ್ಳಿ ಪೇಟೆ ಎಲ್ಲ ಕಡೆ ಇದೆ. ಅಡುಗೆಮನೆಯಲ್ಲಿ ಅದು ಬೆಂಕಿಗೆ ಆಹ್ವಾನ. ಗೆದ್ದಲು ಕಪಾಟಿಗೆ ಬಂದಿದೆ ಅಂದರೆ ಗೋಡೆ, ಚೌಕಟ್ಟಿಗೂ ಬಂದಿರಬಹುದು. ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿ. ಔಷಧ ಹೊಡೆದ ಕಪಾಟಿನಲ್ಲಿ ಅವರು ಹೇಳುವವರೆಗೆ ದಿನಸಿ ಇಡಬೇಡಿ.

"ಮೂಲೆಯಿಂದ ಬಿರುಕು ಬಿಟ್ಟಿದೆ"

ಸ್ವಿಚ್‌ಬೋರ್ಡಿಗೋ ಒಲೆಗೋ ಕತ್ತರಿಸಿದ ಚೌಕದ ಒಳಮೂಲೆಯಿಂದ ಓರೆಯಾಗಿ ಬಿರುಕು ಹೊರಟಿದ್ದರೆ, ಕತ್ತರಿಸುವಾಗ ಮೂಲೆಯನ್ನು ಚೂಪಾಗಿ ಬಿಟ್ಟಿದ್ದಾರೆ. ಮೊದಲು ದುಂಡು ತೂತು ಕೊರೆದು ಆಮೇಲೆ ಚೌಕ ತೆಗೆಯಬೇಕಿತ್ತು. ಬಿರುಕು ಮುಚ್ಚುವುದಿಲ್ಲ. ಒಲೆ ಪಕ್ಕ ಆದರೆ ನೀರು ಒಳಗೆ ಇಳಿಯದ ಹಾಗೆ ಸಿಲಿಕೋನ್ ತುಂಬಿಸಿ, ಹಾಳೆ ಬದಲಿಸುವ ದಿನದವರೆಗೆ ತಳ್ಳಿ.

"ಕಲೆ ಹೋಗ್ತಿಲ್ಲ", "ಮಂಜು ಕಟ್ಟಿದ ಹಾಗಿದೆ"

ಮಂಜಿನ ಹಾಗೆ ಕಾಣುವುದು ಬಹಳ ಸಲ ಸಾಬೂನಿನ ಪದರ. ಬೆಚ್ಚಗಿನ ನೀರಿಗೆ ಎರಡು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಒರೆಸಿ, ಆಮೇಲೆ ಬರೀ ನೀರಿನ ಬಟ್ಟೆ, ಕೊನೆಗೆ ಒಣ ಬಟ್ಟೆ. ಹೋದರೆ ಸಾಬೂನು. ಹೋಗದೆ, ಓರೆಯಾಗಿ ಬೆಳಕು ಬಿಟ್ಟಾಗ ಸುರುಳಿ ಸುರುಳಿ ಗೆರೆ ಕಂಡರೆ ಸ್ಕ್ರಬ್ಬರ್ ಹಾಕಿ ಉಜ್ಜಿದ್ದಾರೆ, ಅದಕ್ಕೆ ಮದ್ದಿಲ್ಲ.

ಹೊಸ ಬಾಗಿಲಿನ ಮೇಲೆ ಅಲ್ಲಲ್ಲಿ ಜಿಗುಟು ಇದ್ದರೆ ಅದು ರಕ್ಷಣೆಗೆ ಹಾಕಿದ ಪ್ಲಾಸ್ಟಿಕ್ ಹಾಳೆಯದು. ಗೃಹಪ್ರವೇಶದವರೆಗೆ ಇರಲಿ ಅಂತ ತಿಂಗಳುಗಟ್ಟಲೆ ಬಿಟ್ಟರೆ ಅದರ ಅಂಟು ಹಿಡಿದುಕೊಳ್ಳುತ್ತದೆ. ಕೊಬ್ಬರಿ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ ನೋಡಿ.

ಅರಿಶಿನದ ಕಲೆಗೆ ಅವಸರ ಬೇಡ. ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಹಚ್ಚಿ, ಉಜ್ಜದೆ ಒರೆಸಿ. ಉಳಿದಿದ್ದು ಬೆಳಕಿಗೆ ತಾನಾಗಿ ಮಾಸುತ್ತದೆ, ಅರಿಶಿನದ ಬಣ್ಣಕ್ಕೆ ಬಿಸಿಲು ತಡೆಯುವ ಶಕ್ತಿ ಇಲ್ಲ. ಮಕ್ಕಳ ಪೆನ್ನಿನ ಗೆರೆಗೆ ನೇಲ್ ಪಾಲಿಶ್ ರಿಮೂವರ್ ಹತ್ತಿಯಲ್ಲಿ ಅದ್ದಿ ಮೆಲ್ಲಗೆ ಒರೆಸಿ, ತಕ್ಷಣ ನೀರಿನ ಬಟ್ಟೆಯಿಂದ ಒರೆಸಿ. ಗಟ್ಟಿ ಮೈಕಾಕ್ಕೆ ಮಾತ್ರ! ಅಕ್ರಿಲಿಕ್ ಮೇಲೆ ಅದನ್ನು ತಾಗಿಸಿದರೆ ಮೇಲ್ಮೈಯೇ ಕರಗಿ ಮಸುಕಾಗುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್, ಬ್ಲೀಚ್ ಯಾವುದಕ್ಕೂ ಬೇಡ. ಅವೆರಡನ್ನೂ ಸೇರಿಸುವುದಂತೂ ಪ್ರಾಣಕ್ಕೇ ಅಪಾಯ, ವಿಷಗಾಳಿ ಬರುತ್ತದೆ.

ಬಿಸಿ ಬಾಣಲೆಯ ದುಂಡು ಕಲೆ ಹೋಗುವುದಿಲ್ಲ. ಕಪ್ಪು ಮ್ಯಾಟ್ ಬಾಗಿಲ ಮೇಲಿನ ಬೆರಳ ಗುರುತು ದೋಷವಲ್ಲ, ಆಯ್ಕೆಯ ಫಲ. ಎಣ್ಣೆ ಒಗ್ಗರಣೆಯ ನಮ್ಮ ಅಡುಗೆಮನೆಗೆ ಗಾಢ ಬಣ್ಣದ ಮ್ಯಾಟ್ ಹಾಕಿಸಿದವರು ದಿನಾ ಒರೆಸಬೇಕು. ಮರದ ಗೆರೆ ಇರುವ ತಿಳಿ ಕಂದು, ಬೂದು ಬಣ್ಣ ಎಲ್ಲ ಮುಚ್ಚಿಕೊಳ್ಳುತ್ತದೆ. ತೀರಾ ಒರಟು ಟೆಕ್ಸ್ಚರ್ ಒಲೆಯ ಹತ್ತಿರ ಬೇಡ, ಸಂದಿಯಲ್ಲಿ ಜಿಡ್ಡು ಕೂತರೆ ಟೂತ್‌ಬ್ರಷ್ ಹಿಡಿಯಬೇಕಾಗುತ್ತದೆ.

"ಹೊಸ ಕಪಾಟು ತೆರೆದರೆ ಕಣ್ಣು ಉರಿಯುತ್ತೆ"

ಪ್ಲೈ, ಬೋರ್ಡಿನ ಒಳಗಿನ ಗಮ್‌ನಿಂದ ಬರುವ ಫಾರ್ಮಾಲ್ಡಿಹೈಡ್ ಅನ್ನುವ ಅನಿಲ ಇರಬಹುದು. ಬಾಗಿಲು, ಡ್ರಾಯರ್ ಎಲ್ಲ ತೆರೆದಿಟ್ಟು ಕೆಲವು ವಾರ ಗಾಳಿ ಆಡಿಸಿ. ಒಳಗೆ ಮುಚ್ಚದೇ ಬಿಟ್ಟ ಅಂಚು, ಸ್ಕ್ರೂ ತೂತುಗಳಿಗೆ ಪಟ್ಟಿ ಅಥವಾ ಬಣ್ಣ ಹಾಕಿಸಿ. ಕೂಸು, ಬಾಣಂತಿ, ಉಬ್ಬಸ ಇರುವವರನ್ನು ಆ ಕೋಣೆಯಲ್ಲಿ ಮಲಗಿಸಬೇಡಿ. ಉಸಿರಿಗೆ ತೊಂದರೆ ಆದರೆ ಡಾಕ್ಟರ್ ಹತ್ತಿರ ಹೋಗಿ.

ಇದರ ಜೊತೆಗೇ ಹೇಳಬೇಕಾದ ಇನ್ನೊಂದು ಮಾತು. ಕೆಲಸ ಮುಗಿದ ಮೇಲೆ ಉಳಿದ ಪ್ಲೈ, ಮೈಕಾ ತುಂಡುಗಳನ್ನು ಬಚ್ಚಲ ಹಂಡೆಯ ಒಲೆಗೆ ಹಾಕುವ ಅಭ್ಯಾಸ ನಮ್ಮ ಕಡೆ ಬಹಳ. ಅದರ ಹೊಗೆ ಸೌದೆ ಹೊಗೆಯಲ್ಲ, ರಾಳ ಮತ್ತು ಗಮ್ ಸುಟ್ಟ ಹೊಗೆ. ಹಾಕಬೇಡಿ. ಕತ್ತರಿಸುವಾಗ ಏಳುವ ಧೂಳಿಗೆ ಮಾಸ್ಕ್ ಹಾಕಿಕೊಳ್ಳಿ, ಕಾರ್ಪೆಂಟರಿಗೂ ಒಂದು ಕೊಡಿ.

"ಹೊಸ ಹಾಳೆ ಹಳೇದಕ್ಕೆ ಹೊಂದ್ತಿಲ್ಲ"

ಒಂದೇ ನಂಬರಿನ ಹಾಳೆಯೂ ಬೇರೆ ಬೇರೆ ಸಲ ಅಚ್ಚಾದಾಗ ಬಣ್ಣದಲ್ಲಿ ಸ್ವಲ್ಪ ಬದಲಾಗುತ್ತದೆ. ಹಳೇ ಬಾಗಿಲು ಬಿಸಿಲಿಗೆ ಮಾಸಿರುತ್ತದೆ ಬೇರೆ. ಆದರೆ ಒಂದೇ ದಿನ ಹಾಕಿದ ಎರಡು ಬಾಗಿಲು ಬೇರೆ ಬಣ್ಣ ಕಂಡರೆ ಮೊದಲು ದಿಕ್ಕು ನೋಡಿ. ಒಂದನ್ನು ತಲೆಕೆಳಗಾಗಿಯೋ ಅಡ್ಡವಾಗಿಯೋ ಅಂಟಿಸಿದ್ದರೆ ಬೆಳಕು ಬೇರೆ ಥರ ಬಿದ್ದು ಬಣ್ಣವೇ ಬೇರೆ ಅನಿಸುತ್ತದೆ.

ಅಂಗಡಿಯಲ್ಲಿ ಅಂಗೈಯಗಲದ ಸ್ಯಾಂಪಲ್ ನೋಡಿ ಒಪ್ಪಬೇಡಿ. ಪೂರ್ತಿ 8 ಅಡಿ 4 ಅಡಿ ಹಾಳೆಯನ್ನು ನಿಲ್ಲಿಸಿ, ಬಾಗಿಲ ಬೆಳಕಿಗೆ ತಂದು ನೋಡಿ. ಎಲ್ಲ ಹಾಳೆ ಒಂದೇ ಲಾಟಿನದ್ದಾ ಅಂತ ಕೇಳಿ. 1 ಎಂಎಂ ಅಂತ ಹೇಳಿ 0.8 ಕೊಡುವುದೂ ಉಂಟು. ಈ ಅಳತೆಯ ನಿಜವಾದ 1 ಎಂಎಂ ಹಾಳೆ ಸುಮಾರು 4 ಕೆಜಿ ತೂಗುತ್ತದೆ, 0.8ರದ್ದು ಹತ್ತಿರ ಹತ್ತಿರ 3.3 ಕೆಜಿ. ಅಂಗಡಿಯ ತಕ್ಕಡಿ ಮೇಲೆ ಸುರುಳಿ ಸುತ್ತಿ ಇಡಿಸಲು ನಾಚಿಕೆ ಬೇಡ. ಗುಣಮಟ್ಟಕ್ಕೆ ಐಎಸ್ 2046 ಅನ್ನುವ ಸಂಖ್ಯೆ ಇದೆಯಾ ನೋಡಿ.

ಒಂದು ಹಾಳೆ ಜಾಸ್ತಿ ತರುವುದಕ್ಕಿಂತ ಕತ್ತರಿಸಿ ಉಳಿದ ಒಂದೆರಡು ದೊಡ್ಡ ತುಂಡು ಎತ್ತಿಡುವುದು ಸುಲಭ. ಅಟ್ಟದಲ್ಲಿ ನಿಲ್ಲಿಸಬೇಡಿ, ಮಲಗಿಸಿ ಇಡಿ. ನಮ್ಮ ಸಿಂಕ್ ಬಾಗಿಲಿನ ಒಳಮುಖದಲ್ಲಿ ಈಗ ಹಾಳೆಯ ನಂಬರ್, ಲಾಟ್ ನಂಬರ್, ಅಂಟಿಸಿದ ತಿಂಗಳು ಮೂರನ್ನೂ ಮಾರ್ಕರಿನಲ್ಲಿ ಬರೆದಿದ್ದೇನೆ. ಅದರ ಕೆಳಗೆ ನಮ್ಮತ್ತೆ ಇನ್ನೊಂದು ಸಾಲು ಸೇರಿಸಿದ್ದಾರೆ: "ವಾಷರ್ ಬದಲಾಯಿಸಿದ್ದು, ಆಗಸ್ಟ್."